ಪಾದರಸ ಇಳಿದರೆ ಮಳೆ ಬರುವುದೇ?

‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಉಂಟಾಗಿದೆ’ ಎಂದು ರೇಡಿಯೋ ಹೇಳಿದರೆ, ಹಿಂಗಾರಿ ಬಿತ್ತನೆಗೆ ಕಾದಿರುವ ಹುಲಿಹೈದರದಂಥ ಊರಿನಲ್ಲಿ ಕಿವಿಗಳು ನಿಮಿರುತ್ತವೆ. ಸಮುದ್ರವೋ ನೂರಾರು ಕಿಲೋಮೀಟರ್ ದೂರ. ಅಲ್ಲಿ ಗಾಳಿಯ ಭಾರ ಕಡಿಮೆಯಾದರೆ ಕೊಪ್ಪಳ ಸೀಮೆಯ ಹೊಲ ನೆನೆಯುವುದು ಹೇಗೆ?

ಗಾಳಿಗೂ ತೂಕವಿದೆ ಎಂಬುದನ್ನು 1643ರ ಸುಮಾರಿಗೆ ಇಟಲಿಯ ಟೊರಿಚೆಲ್ಲಿ ಪಾದರಸದ ಕೊಳವೆಯಿಂದ ತೋರಿಸಿಕೊಟ್ಟ. ಸಮುದ್ರಮಟ್ಟದಲ್ಲಿ ಪಾದರಸ ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. 500 ಮೀಟರಿಗೂ ಮೇಲಿರುವ ಕೊಪ್ಪಳದಲ್ಲಿ 72ರ ಆಸುಪಾಸು. ಇದಕ್ಕೂ ಮಳೆಗೂ ಸಂಬಂಧವಿಲ್ಲ, ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ಅಷ್ಟೆ. ಆದರೆ ಒಂದೆಡೆ ಒತ್ತಡ ಸುತ್ತಲಿಗಿಂತ ಕುಸಿದರೆ ಸುತ್ತಲ ಗಾಳಿ ಅತ್ತ ನುಗ್ಗಿ ಮೇಲೇರುತ್ತದೆ. ಅಲ್ಲಿ ತಣ್ಣಗಾಗಿ ಆವಿಯು ಮೋಡವಾಗುತ್ತದೆ. ಒತ್ತಡ ಹೆಚ್ಚಿದ್ದಲ್ಲಿ ಗಾಳಿ ಕೆಳಗಿಳಿಯುತ್ತದೆ, ಆಕಾಶ ತಿಳಿಯಾಗುತ್ತದೆ.

ಯೂರೋಪಿನ ಗೋಡೆ ವಾಯುಭಾರಮಾಪಕಗಳ ಮೇಲೆ ‘ಮಳೆ’, ‘ಬಿರುಗಾಳಿ’ ಎಂದು ಬರೆದಿರುತ್ತಿತ್ತು. ನಮ್ಮ ಸೀಮೆಯಲ್ಲಿ ಅದನ್ನು ನಂಬಿದವನು ಕೆಟ್ಟ! ಇಲ್ಲಿ ದಿನವೂ ಬೆಳಿಗ್ಗೆ ಹತ್ತರ ಹೊತ್ತಿಗೆ ಒತ್ತಡ ಏರಿ, ಸಂಜೆ ನಾಲ್ಕರ ವೇಳೆಗೆ ಇಳಿಯುತ್ತದೆ. ರಾತ್ರಿಯೂ ಇದೇ ಆಟ. ಬಿಸಿಲು ವಾತಾವರಣದಲ್ಲಿ ಎಬ್ಬಿಸುವ ಈ ಉಬ್ಬರವಿಳಿತವನ್ನು ಬದಿಗಿಟ್ಟು, ನಿನ್ನೆ ಇದೇ ಹೊತ್ತಿಗೆ ಎಷ್ಟಿತ್ತು ಎಂದು ಹೋಲಿಸಬೇಕು.

1864ರಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತ ಮತ್ತು ಅದರ ಹಿಂದೆಯೇ ಬಂದ ಬರಗಳ ಪರಿಣಾಮವಾಗಿ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಹುಟ್ಟಿತು. ಮರುವರ್ಷವೇ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು ಐದನೇ ಒಂದು ಭಾಗ ಜನರನ್ನು ಕಳೆದುಕೊಂಡಿತು. ಬಳ್ಳಾರಿ ಮತ್ತು ನಿಜಾಮರ ಸೀಮೆಯ ಹಳ್ಳಿಗಳೂ ನರಳಿದವು. ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್ ಆ ವರ್ಷಗಳ ದಾಖಲೆ ತಿರುವಿದಾಗ ಕಂಡದ್ದು, ಏಷ್ಯಾ ಮತ್ತು ಆಸ್ಟ್ರೇಲಿಯದ ಬಹುದೊಡ್ಡ ಪ್ರದೇಶದಲ್ಲಿ ಒತ್ತಡ ವಾಡಿಕೆಗಿಂತ ಹೆಚ್ಚಾಗಿತ್ತು ಎಂಬುದು.

ಈ ಎಳೆಯನ್ನು ಹಿಡಿದವನು 1904ರಲ್ಲಿ ಮುಖ್ಯಸ್ಥನಾಗಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್. ಕಂಪ್ಯೂಟರ್ ಇಲ್ಲದ ಕಾಲ. ಭಾರತೀಯ ಗುಮಾಸ್ತರು ಕೈಯಲ್ಲೇ ಲೆಕ್ಕ ಹಾಕಿದರು. ಅವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಶಾಂತಸಾಗರದಲ್ಲಿ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಏತದಂಥ ಈ ಓಲಾಟಕ್ಕೆ ವಾಕರ್ ‘ಸದರ್ನ್ ಆಸಿಲೇಷನ್’ ಎಂದು ಹೆಸರಿಟ್ಟ. ನಮ್ಮ ಕಡೆ ಒತ್ತಡ ಏರಿದ ವರ್ಷ ಮುಂಗಾರು ಸೊರಗುವುದೇ ಹೆಚ್ಚು. ಎಲ್ ನಿನೊಗೂ ಇದಕ್ಕೂ ಇರುವ ನಂಟು ಸ್ಪಷ್ಟವಾದದ್ದು 1960ರ ದಶಕದಲ್ಲಿ.

ಎಲ್ಲ ವರ್ಷವೂ ಲೆಕ್ಕ ಇಷ್ಟು ಸರಳವಲ್ಲ. 2009 ಎಲ್ ನಿನೊ ವರ್ಷ. ದೇಶದ ಮುಂಗಾರು ಮಳೆ ವಾಡಿಕೆಗಿಂತ ಶೇ. 22ರಷ್ಟು ಕಡಿಮೆ. ಹಸ್ತ ಮಳೆಯ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಲ್ಲಿ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿಯಿತು. ಅದು ಚಂಡಮಾರುತವೂ ಆಗಿರಲಿಲ್ಲ. ಆದರೂ ಕೆಲವೇ ದಿನಗಳ ಮಳೆಗೆ ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಾಪುರ ಸೀಮೆಗಳು ಮುಳುಗಿದವು, ಮಂತ್ರಾಲಯಕ್ಕೆ ತುಂಗಭದ್ರೆ ನುಗ್ಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಬರದಲ್ಲಿ ಹೇಗೋ ಉಳಿದಿದ್ದ ಬೆಳೆ ಹೊಲದಲ್ಲೇ ಕೊಳೆಯಿತು.