ಲುಫ್ತಾನ್ಸಾ ಸಮೂಹ: ಚರಿತ್ರೆ

ಲುಫ್ತಾನ್ಸಾ ಜರ್ಮನಿಯ ಅತಿದೊಡ್ಡ ವಿಮಾನಯಾನ ಸಮೂಹ. ಕಂಪನಿಯ ನೋಂದಾಯಿತ ಕಚೇರಿ ಕಲೋನ್ ನಗರದಲ್ಲಿದೆ. ಹಾರಾಟದ ಮುಖ್ಯ ಕೇಂದ್ರಗಳು ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್. ಅದು ಹುಟ್ಟಿದ್ದು ಯಾವಾಗ ಎಂಬ ಬಗ್ಗೆ ಮಾತ್ರ ಆಕರಗಳಲ್ಲಿ ಒಮ್ಮತವಿಲ್ಲ. ಕೆಲವು 1926 ಎನ್ನುತ್ತವೆ, ಕೆಲವು 1953. ಎರಡನ್ನೂ ಬೆರೆಸಿ, ನಾಜಿ ಆಳ್ವಿಕೆಯ ಹನ್ನೆರಡು ವರ್ಷಗಳನ್ನು ಒಂದೇ ಸಾಲಿನಲ್ಲಿ ದಾಟಿಬಿಡುವ ಬರಹಗಳೂ ಇವೆ. ಕಾನೂನಿನ ಲೆಕ್ಕದಲ್ಲಿ ಈಗಿನ ಕಂಪನಿ 1953ರದು ಎಂಬುದು ನಿಜ. ಆದರೆ ಹೆಸರು, ಲಾಂಛನ, ಆರಂಭದ ಮುಖ್ಯಸ್ಥರು ಎಲ್ಲವೂ ಅದಕ್ಕೆ ಬಂದದ್ದು ಹಳೆಯ ಸಂಸ್ಥೆಯಿಂದ. ಆ ವಾರಸುದಾರಿಕೆಯನ್ನು ಒಪ್ಪಿದವರು 1933ರಿಂದ 1945ರವರೆಗಿನ ದಾಖಲೆಯನ್ನೂ ಒಪ್ಪಿಕೊಳ್ಳಲೇಬೇಕಾಗುತ್ತದೆ.

ಮೊದಲ ಸಂಸ್ಥೆ 1926ರ ಜನವರಿ 6ರಂದು ಬರ್ಲಿನ್‌ನಲ್ಲಿ, ಡೊಯ್ಚರ್ ಏರೊ ಲಾಯ್ಡ್ ಮತ್ತು ಯುಂಕರ್ಸ್ ಕಂಪನಿಯ ವಿಮಾನಯಾನ ವಿಭಾಗಗಳ ವಿಲೀನದಿಂದ ಹುಟ್ಟಿತು. ಸರ್ಕಾರದ ಸಹಾಯಧನವಿಲ್ಲದೆ ಅದು ನಡೆಯುವಂತಿರಲಿಲ್ಲ. ರಾಜಕೀಯದ ನಂಟು ಆ ಅವಲಂಬನೆಗಿಂತ ಆಳವಾಗಿತ್ತು. 1932ರ ಚುನಾವಣೆಗಳಲ್ಲಿ ಹಿಟ್ಲರ್ ಊರೂರಿಗೆ ಹಾರಿದ್ದು ಈ ಸಂಸ್ಥೆಯ ವಿಮಾನದಲ್ಲಿ, ಅದರ ಪೈಲಟ್ ಹ್ಯಾನ್ಸ್ ಬೌರ್ ಜೊತೆ. ಆಡಳಿತ ಮಂಡಳಿಯಲ್ಲಿದ್ದ ಎರ್‌ಹಾರ್ಟ್ ಮಿಲ್ಖ್ 1933ರಲ್ಲಿ ಗೋರಿಂಗ್‌ನ ವಾಯುಯಾನ ಸಚಿವಾಲಯ ಸೇರಿ, 1940ರಲ್ಲಿ ಫೀಲ್ಡ್ ಮಾರ್ಷಲ್ ಆದ. ಬಲವಂತದ ದುಡಿಮೆಯ ಅಪರಾಧಕ್ಕಾಗಿ 1947ರಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯ ಅವನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಯುದ್ಧಕಾಲದಲ್ಲಿ ಲುಫ್ತಾನ್ಸಾ ವಾಯುಪಡೆಯ ವಿಮಾನಗಳನ್ನು ದುರಸ್ತಿ ಮಾಡುವ ದೊಡ್ಡ ಕಾರ್ಯಾಗಾರವಾಯಿತು. ಬರ್ಲಿನ್‌ನ ಯಹೂದಿಗಳನ್ನೂ ಆಕ್ರಮಿತ ದೇಶಗಳಿಂದ ಎಳೆತಂದವರನ್ನೂ ಸೇರಿಸಿ ಸಾವಿರಾರು ಜನರನ್ನು ಅಲ್ಲಿ ಬಲವಂತವಾಗಿ ದುಡಿಸಲಾಯಿತು. ಇದರ ಬಗ್ಗೆ ಇತಿಹಾಸಕಾರ ಲುಟ್ಜ್ ಬುದ್ರಾಸ್ ಅವರಿಂದ ಕಂಪನಿಯೇ ಬರೆಸಿದ ಅಧ್ಯಯನ ಬಹುಕಾಲ ಪ್ರಕಟವಾಗದೆ ಉಳಿದು, 2016ರಲ್ಲಷ್ಟೇ ಓದುಗರ ಕೈಗೆ ಬಂತು. ಹಳೆಯ ವಿಶ್ವಕೋಶಗಳಲ್ಲಿ ಈ ಭಾಗ ತೆಳ್ಳಗಿರಲು ಇದೂ ಒಂದು ಕಾರಣ.

ಹಳೆಯ ಕಂಪನಿಯನ್ನು ಮಿತ್ರರಾಷ್ಟ್ರಗಳು ಮುಚ್ಚಿಸಿದ್ದರಿಂದ ಹೊಸದಕ್ಕೆ ಅದರ ಹೊಣೆ ತಟ್ಟದು ಎಂಬ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. 1953ರ ಜನವರಿ 6ರಂದು ಕಲೋನ್‌ನಲ್ಲಿ ಸ್ಥಾಪನೆಯಾದ ಲುಫ್ಟಾಗ್ ನಿಜಕ್ಕೂ ಬೇರೆ ಕಂಪನಿ. ಹಳೆಯದರ ಸಮಾಪನ ಪ್ರಕ್ರಿಯೆ ಅದರ ಪಾಡಿಗೆ 1965ರವರೆಗೂ ನಡೆಯಿತು. ಆದರೆ 1954ರಲ್ಲಿ ಲುಫ್ಟಾಗ್ ಹಣ ಕೊಟ್ಟು ಹಳೆಯ ಹೆಸರನ್ನೂ, ಒಟ್ಟೊ ಫಿರ್ಲೆ 1918ರಲ್ಲಿ ಬಿಡಿಸಿದ್ದ ಕ್ರೌಂಚ ಪಕ್ಷಿಯ ಲಾಂಛನವನ್ನೂ ಕೊಂಡಿತು. ಆಡಳಿತ ಮಂಡಳಿಗೆ ಬಂದ ಹ್ಯಾನ್ಸ್ ಬೊಂಗರ್ಸ್, ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷ ಕುರ್ಟ್ ವೈಗೆಲ್ಟ್ ಇಬ್ಬರೂ ಹಳೆಯ ಸಂಸ್ಥೆಯವರೇ. ಪೂರ್ವ ಜರ್ಮನಿ 1955ರಲ್ಲಿ ಅದೇ ಹೆಸರಿನ ಇನ್ನೊಂದು ಸಂಸ್ಥೆ ಕಟ್ಟಿದಾಗ ಪಶ್ಚಿಮದ ಕಂಪನಿ ಹೆಸರಿನ ಹಕ್ಕನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಪೂರ್ವದ ಸಂಸ್ಥೆ 1963ರಲ್ಲಿ ಮುಚ್ಚಿ, ಇಂಟರ್‌ಫ್ಲೂಗ್ ಅದರ ಜಾಗಕ್ಕೆ ಬಂತು. ಪರಂಪರೆ ಬೇಡವಾಗಿದ್ದರೆ ಈ ಜಗಳಕ್ಕೆ ಅರ್ಥವೇ ಇರುತ್ತಿರಲಿಲ್ಲ. ನಿಗದಿತ ವೇಳಾಪಟ್ಟಿಯ ವಿಮಾನಗಳು 1955ರ ಏಪ್ರಿಲ್ 1ರಿಂದ ಹಾರತೊಡಗಿದರೂ, ವಿಭಜಿತ ಬರ್ಲಿನ್ನಿಗೆ ಮಾತ್ರ ಅವು 1990ರ ಅಕ್ಟೋಬರ್‌ವರೆಗೆ ಇಳಿಯುವಂತಿರಲಿಲ್ಲ.

ಇಂದಿನ ಸಮೂಹದ ಸ್ವರೂಪ ಮಾತ್ರ 1926ಕ್ಕೂ 1953ಕ್ಕೂ ಸೇರಿದ್ದಲ್ಲ. ಅದು ತೊಂಬತ್ತರ ದಶಕದ್ದು. ನಷ್ಟದಿಂದ ದಿವಾಳಿಯ ಅಂಚಿಗೆ ಬಂದಿದ್ದ ಕಂಪನಿಯನ್ನು ಅದರ ಮುಖ್ಯಸ್ಥ ಯುರ್ಗೆನ್ ವೇಬರ್ ಮರುಸಂಘಟಿಸಿದರು. ವಿಮಾನ ನಿರ್ವಹಣೆಯ ಟೆಕ್ನಿಕ್, ಸರಕು ಸಾಗಣೆಯ ಕಾರ್ಗೊ ಮುಂತಾದವು ಪ್ರತ್ಯೇಕ ಕಂಪನಿಗಳಾದವು. 1997ರಲ್ಲಿ ವಿಮಾನಯಾನ ಸಂಸ್ಥೆಗಳ ಒಕ್ಕೂಟವಾದ ಸ್ಟಾರ್ ಅಲಯನ್ಸ್ ಸ್ಥಾಪನೆಯಾಯಿತು, ಸರ್ಕಾರದ ಪಾಲಿನ ಮಾರಾಟವೂ ಅದೇ ವರ್ಷ ಮುಗಿಯಿತು. ಆಮೇಲೆ ಸ್ವಿಸ್, ಆಸ್ಟ್ರಿಯನ್, ಬ್ರಸೆಲ್ಸ್ ಸಂಸ್ಥೆಗಳು ತಮ್ಮತಮ್ಮ ಚರಿತ್ರೆಯೊಂದಿಗೇ ಒಳಬಂದವು. ವಿಮಾನದ ಊಟ ಒದಗಿಸುತ್ತಿದ್ದ ಎಲ್ಎಸ್‌ಜಿ ಮಾರಾಟವಾಗಿ 2023ಕ್ಕೆ ಸಮೂಹದಿಂದ ಪೂರ್ತಿ ಹೊರಹೋಯಿತು. ಕೋವಿಡ್ ಕಾಲದಲ್ಲಿ 900 ಕೋಟಿ ಯೂರೊ ನೆರವಿನ ಯೋಜನೆಯೊಂದಿಗೆ ಸರ್ಕಾರ ಮತ್ತೆ ಪಾಲುದಾರನಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಕೊನೆಯ ಷೇರುಗಳನ್ನೂ ಮಾರಿತು. 2025ರ ಜನವರಿಯಲ್ಲಿ ಇಟಲಿಯ ಐಟಿಎ ಏರ್‌ವೇಸ್‌ನ ಶೇ. 41ರಷ್ಟು ಪಾಲು 32.5 ಕೋಟಿ ಯೂರೊಗೆ ಸಮೂಹದ ಕೈಸೇರಿತು.