ಶೋಕಿ: ಒಂದು ಹಂಬಲದ ದಾರಿ

ನಮ್ಮ ಮೊಳಕಾಲ್ಮುರು ತಾಲ್ಲೂಕಿನ ದೇವಸಮುದ್ರದ ಕಡೆ ‘ಅವನಿಗೆ ಎತ್ತಿನ ಶೋಕಿ’ ಅನ್ನುವ ಮಾತು ಯಾರ ಬಾಯಿಂದ ಬಂತು ಅನ್ನುವುದರ ಮೇಲೆ ಅದರ ಅರ್ಥ ನಿಲ್ಲುತ್ತದೆ. ಮನೆಯವರು ಅಂದರೆ ದೂರು. ಎತ್ತು ಕಟ್ಟಿದ ಇನ್ನೊಬ್ಬ ಅಂದರೆ ಮೆಚ್ಚುಗೆ.

ನಾನು ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಅಂಥ ಒಬ್ಬ ಮುದುಕರಿದ್ದರು. ಯಾರಾದರೂ ಹೊಸ ಜೋಡಿ ತಂದರೆ ಅವರಿಗೆ ಕರೆ ಹೋಗುತ್ತಿತ್ತು. ಬಂದವರು ಮೊದಲು ಎತ್ತಿನ ಹತ್ತಿರ ಹೋಗುತ್ತಿರಲಿಲ್ಲ. ದೂರ ನಿಂತು ಅದನ್ನು ನಾಲ್ಕು ಹೆಜ್ಜೆ ನಡೆಸಿ ಅನ್ನುತ್ತಿದ್ದರು. ಆಮೇಲೆ ತುಟಿ ಎತ್ತಿ ಹಲ್ಲು: ಎರಡೋ, ನಾಲ್ಕೋ, ಬಾಯಿ ಕೂಡಿದೆಯೋ. ಕೊನೆಗೆ ಅಂಗೈ ಹರವಿ ಹಣೆಯಿಂದ ಇಣಿಯವರೆಗೆ, ಇಣಿಯಿಂದ ಬೆನ್ನಗುಂಟ ಬಾಲದ ಬುಡದವರೆಗೆ ಸವರಿ ಸುಳಿ ಹುಡುಕುತ್ತಿದ್ದರು. ಕೂದಲು ತಿರುಗಿದ ಆ ಪುಟ್ಟ ಚಕ್ರ ನಮ್ಮ ಕಣ್ಣಿಗೆ ಕಾಣುವ ಮೊದಲೇ ಅವರ ಬೆರಳಿಗೆ ಸಿಕ್ಕಿರುತ್ತಿತ್ತು. ಕೊಂಬಿಗೆ ಬಣ್ಣ ಬಳಿದು ಗೆಜ್ಜೆ ಕಟ್ಟಿ ಬೀದಿಯಲ್ಲಿ ಮೆರೆಸುವವರನ್ನು ಅವರು ಶೋಕಿಲಾಲರು ಅನ್ನುತ್ತಿದ್ದರು. ತಮಗಿರುವುದಕ್ಕೆ ಮಾತ್ರ ಶೋಕಿ ಅನ್ನುತ್ತಿದ್ದರು. ಆ ಎರಡು ಮಾತಿನ ನಡುವೆ ಅವರು ಗೆರೆ ಎಳೆಯುತ್ತಿದ್ದ ಬಿಗುಮಾನ ನನಗೆ ಇವತ್ತಿಗೂ ಇಷ್ಟ. ಈ ಪದದ ಬೆನ್ನು ಹತ್ತಿದ್ದೂ ಅದರಿಂದಲೇ.

ಶೋಕಿ ಹುಟ್ಟಿದ್ದು ಅರಬ್ಬಿಯಲ್ಲಿ. ಅಲ್ಲಿ ‘ಶೌಕ್’ ಅಂದರೆ ಹಂಬಲ, ದೂರವಿರುವುದಕ್ಕಾಗಿ ಜೀವ ತುಡಿಯುವುದು. ಸೂಫಿಗಳು ದೇವರಿಗಾಗಿ ಪಡುವ ತಹತಹಕ್ಕೆ ಇದೇ ಪದ ಬಳಸಿದರು. ಪರ್ಷಿಯನ್‌ಗೆ ಬಂದು, ಅಲ್ಲಿಂದ ಹಿಂದೂಸ್ತಾನಿಗೆ ಇಳಿಯುವ ಹೊತ್ತಿಗೆ ಹಂಬಲ ಸ್ವಲ್ಪ ತಣ್ಣಗಾಗಿ ಒಲವಾಯಿತು, ಒಲವು ಹವ್ಯಾಸವಾಯಿತು. ಪಾರಿವಾಳದ ಶೌಕ್, ಗಾಳಿಪಟದ ಶೌಕ್, ಗಜಲಿನ ಶೌಕ್. ಉರ್ದುವಿನಲ್ಲಿ ಅದಕ್ಕೊಂದು ಜೋಡಿಪದವೂ ಉಂಟು, ‘ಜೌಕ್’, ಅಂದರೆ ರುಚಿ. ಜೌಕ್ ಇಲ್ಲದ ಶೌಕ್ ಬರಿಯ ಹುಚ್ಚು, ಶೌಕ್ ಇಲ್ಲದ ಜೌಕ್ ಬರಿಯ ಒಣ ತೀರ್ಪು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಆ ನುಡಿಗಟ್ಟು ಬಲು ತಿಳಿವಳಿಕೆಯದು ಅಂತ ನನ್ನ ಎಣಿಕೆ. ನಾವು ಜೋಡಿಯಲ್ಲಿ ಒಂದನ್ನು ಮಾತ್ರ ತಂದುಕೊಂಡೆವು. ಜೌಕಿನ ಜಾಗದಲ್ಲಿ ನಮಗೆ ‘ರುಚಿ’, ‘ಅಭಿರುಚಿ’ ಮೊದಲೇ ಇದ್ದವು. ರುಚಿಯ ಮೂಲದಲ್ಲಿ ಹೊಳೆಯುವುದು ಅನ್ನುವ ಅರ್ಥವಿದೆ. ಮನಸ್ಸಿಗೆ ಹೊಳೆದದ್ದು ನಾಲಗೆಗೆ ಬಂದು ರುಚಿಯಾಯಿತು.

ಪರ್ಷಿಯನ್ ಪದಗಳು ಕನ್ನಡಕ್ಕೆ ಹರಿದ ದಾರಿಗಳು ಗೊತ್ತೇ ಇವೆ: ಬಹಮನಿಗಳು, ಬಿಜಾಪುರದ ಆದಿಲ್‌ಶಾಹಿಗಳು, 1779ರಲ್ಲಿ ಚಿತ್ರದುರ್ಗವನ್ನು ಗೆದ್ದ ಹೈದರನ ಆಡಳಿತ. ಮೊಳಕಾಲ್ಮುರು ತಾಲ್ಲೂಕು ಅನ್ನುವಾಗ ಆ ‘ತಾಲ್ಲೂಕು’ ಕೂಡ ಅರಬ್ಬಿಯದೇ, ಮೂಲದಲ್ಲಿ ನಂಟು ಅಂತ. ಶೌಕ್ ಕನ್ನಡದ ಬಾಯಲ್ಲಿ ಶೋಕಿಯಾದ ಬಗೆಗೆ ಇನ್ನೊಂದು ಪದ ಸಾಕ್ಷಿ ಇದೆ. ಅರಬ್ಬಿಯ ‘ಮೌಜ್’ ಅಂದರೆ ಅಲೆ. ಪರ್ಷಿಯನ್ ದಾಟಿ, ಹಿಂದೂಸ್ತಾನಿಯಲ್ಲಿ ಮನಸ್ಸಿನ ಅಲೆಯಾಗಿ, ನಮ್ಮಲ್ಲಿ ‘ಮೋಜು’ ಆಯಿತು. ಔಕಾರ ಜಾರಿ ಓಕಾರವಾದ ಒಂದೇ ಮನೆಯ ಅಣ್ಣತಮ್ಮಂದಿರು ಇವರು.

ಆದರೆ ಮೋಜಿಗೆ ಸಿಕ್ಕ ನೆಮ್ಮದಿ ಶೋಕಿಗೆ ಸಿಗಲಿಲ್ಲ. ಓಕಾರಕ್ಕೆ ತಿರುಗಿದ ಕೂಡಲೇ ಅದು ಬಂದು ನಿಂತದ್ದು ಸಂಸ್ಕೃತದ ‘ಶೋಕ’ದ ಪಕ್ಕದಲ್ಲಿ. ಸಂಸ್ಕೃತದಲ್ಲಿ ಶೋಕಿ ಅಂದರೆ ದುಃಖಿ. ಒಂದೇ ಅಕ್ಷರಗಳಲ್ಲಿ ಒಬ್ಬ ಅಳುತ್ತಾನೆ, ಒಬ್ಬ ಅತ್ತರು ಪೂಸಿಕೊಳ್ಳುತ್ತಾನೆ. ‘ಷೋಕಿ’ ಅಂತ ಬರೆಯುವ ರೂಢಿಯೂ ಇದೆ. ಹಾಗೆ ಬರೆದಾಗ ಇಂಗ್ಲಿಷಿನ ‘ಷೋ’ ನೆರಳು ಬೀಳುತ್ತದೆ. ಷೋ ಕೊಡುವುದೇ ಷೋಕಿ ಅಂತ ನಂಬಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಇವೆರಡಕ್ಕೂ ನಂಟೇ ಇಲ್ಲ. ಆದರೂ ಕಿವಿಗೆ ಕೇಳುವ ಹೋಲಿಕೆ ಅರ್ಥವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಸಾಲ ಮಾಡಿ ಶೋಕಿ, ಬೈಕ್ ಶೋಕಿ, ಶೋಕಿ ಜಾಸ್ತಿಯಾಯ್ತು ಅನ್ನುವ ಮಾತುಗಳಲ್ಲಿ ಹಂಬಲ ಪೂರ್ತಿ ಬತ್ತಿ, ತೋರಿಕೆಯೊಂದೇ ಉಳಿದಿದೆ.

ಗಡಿ ದಾಟಿದರೆ ಇದೇ ಪದದ ಗತಿ ಬೇರೆ. ನಮಗೆ ಪಕ್ಕದಲ್ಲೇ ರಾಯದುರ್ಗ, ತೆಲುಗು ಮನೆಯ ಮಾತಿನಷ್ಟೇ ಹತ್ತಿರ. ತೆಲುಗಿನಲ್ಲಿ ಇದು ‘ಷೋಕು’ ಆಗಿ, ‘ಸೋಕು’ ಆಗಿ, ಸಿಂಗಾರವಾಯಿತು. ಅಲ್ಲಿ ಮೊದಲೇ ಇನ್ನೊಂದು ಸೋಕು ಇತ್ತು, ಕನ್ನಡದಲ್ಲೂ ಇರುವ ದ್ರಾವಿಡದ್ದು: ಮುಟ್ಟು, ತಗಲು. ಸೋಂಕು ಅದರ ಮಗು. ತುಳುವಿನಲ್ಲಂತೂ ‘ಶೋಕು’ ಅಂದರೆ ಚೆಂದ, ಅಷ್ಟೇ. ಮಂಗಳೂರಿನ ಕಡೆ ಹುಡುಗಿಯೂ ಶೋಕು, ಮಳೆ ನಿಂತ ಸಂಜೆಯೂ ಶೋಕು. ಬೈಗುಳದ ಕಲೆ ಒಂದಿಷ್ಟೂ ಇಲ್ಲ. ನಾವು ಕಳೆದುಕೊಂಡದ್ದನ್ನು ಕರಾವಳಿಯವರು ಕಾಪಾಡಿಕೊಂಡರು.

ಈ ಪದಕ್ಕೆ ಹೊಂದುವ ದೊರೆಯೊಬ್ಬನನ್ನು ಹುಡುಕಿದರೆ ಕರ್ನಾಟಕದಲ್ಲಿ ಮೊದಲು ನೆನಪಾಗುವವನು 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ. ಅವನಿಗೆ ಸಂಗೀತದ ಶೋಕಿ. ತಂಬೂರಿಗೆ ಮೋತಿಖಾನ್ ಅಂತ, ಆನೆಗೆ ಆತಶ್‌ಖಾನ್ ಅಂತ ಹೆಸರಿಟ್ಟು, ಎರಡನ್ನೂ ತನ್ನ ಹಾಡುಗಳೊಳಗೆ ತಂದ. ದಖ್ಖನಿಯಲ್ಲಿ ‘ಕಿತಾಬ್-ಎ-ನೌರಸ್’ ಬರೆದು, ರಾಗ ರಾಗಕ್ಕೂ ಹಾಡು ಕಟ್ಟಿ, ಸರಸ್ವತಿಯನ್ನು ಹೊಗಳಿದ. ‘ನೌರಸ್’ ಅನ್ನುವ ಒಂದು ಪದ ಅವನನ್ನು ಹಿಡಿದಿತ್ತು. ಹೊಸ ರಸ ಅಂತಲೂ ಆಗುತ್ತದೆ, ನವರಸ ಅಂತಲೂ ಆಗುತ್ತದೆ. 1599ರಲ್ಲಿ ಬಿಜಾಪುರದ ಬಳಿ ಕಟ್ಟಹೊರಟ ಹೊಸ ಊರಿಗೂ ನೌರಸಪುರ ಅಂತಲೇ ಹೆಸರು. ಮೆಚ್ಚಿದ ಒಂದು ಪದಕ್ಕಾಗಿ ಊರನ್ನೇ ಎಬ್ಬಿಸುವುದು ತೋರಿಕೆಗೆ ಆಗುವ ಕೆಲಸವಲ್ಲ. ಅದು ಅರಬ್ಬಿಯ ಹಳೆಯ ಅರ್ಥದ ಶೌಕ್.

ಈಗಿನ ಹುಡುಗರು ಇಂಥವರಿಗೆ ‘ಗೀಕ್’ ಅನ್ನುತ್ತಾರೆ. ಆ ಪದದ ಪಯಣ ನಮ್ಮ ಶೋಕಿಯದಕ್ಕೆ ತೀರ ಎದುರು. ಡಚ್ಚಿನಲ್ಲಿ ಅದರ ನಂಟ ‘ಖೆಕ್’ ಅಂದರೆ ಹುಚ್ಚ. ಇಂಗ್ಲಿಷಿನ ಆಡುನುಡಿಯಲ್ಲಿ ದಡ್ಡನಾಗಿ, ಕಳೆದ ಶತಮಾನದ ಮೊದಲಲ್ಲಿ ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆ ಕಚ್ಚಿ ಹೊಟ್ಟೆ ಹೊರೆಯುವವನಾಗಿ, ಕೊನೆಗೆ ಕಂಪ್ಯೂಟರ್ ಬಲ್ಲವನಾಗಿ ಏರಿತು. ಇವತ್ತು ಎದೆ ತಟ್ಟಿ ನಾನು ಗೀಕ್ ಅನ್ನುತ್ತಾರೆ. ಗೀಕ್ ಕೆಸರಿನಿಂದ ಮೇಲೆ ಬಂತು, ಶೋಕಿ ಅಟ್ಟದಿಂದ ಕೆಳಗೆ ಬಿತ್ತು. ಎತ್ತಿನ ಸುಳಿ ಬಲ್ಲ ಮುದುಕರಿಗೂ, ಹಳೆಯ ಗ್ರಾಮಾಫೋನ್ ತಟ್ಟೆ ಹುಡುಕಿ ಊರೂರು ಅಲೆಯುವವರಿಗೂ, ಒಂದು ಲೋಟ ಕಾಫಿಯಲ್ಲಿ ಚಿಕೋರಿ ಎಷ್ಟಿದೆ ಅಂತ ಹೇಳಬಲ್ಲವರಿಗೂ ನಮ್ಮದೇ ಪದ ಇರುವಾಗ ಅದನ್ನು ಬೈಗುಳಕ್ಕೆ ಬಿಟ್ಟುಕೊಟ್ಟದ್ದು ನನಗೆ ನಿಜಕ್ಕೂ ನೋವಿನ ಸಂಗತಿ. ಬಲ್ಲವನ ಬಿಗುಮಾನ ಬೇರೆಯವರನ್ನು ಕೆಳಗಿಡಲು ಹುಟ್ಟಿದ್ದಲ್ಲ. ನೀನೂ ನೋಡು, ನಿನಗೂ ಇದು ಸಿಗಲಿ ಅನ್ನುವ ತುಡಿತ ಅದರೊಳಗಿದೆ. ನಮ್ಮ ಮುದುಕರು ಸುಳಿ ಸಿಕ್ಕಿದ ಕೂಡಲೇ ನನ್ನ ಕೈ ಹಿಡಿದು ಅದೇ ಜಾಗದ ಮೇಲೆ ಇಡುತ್ತಿದ್ದರು. ಶೋಕಿ ಸೋಕುವುದು ಹಾಗೆ.

ಪದ ಬರುವ ಎಷ್ಟೋ ಮೊದಲು ಆ ಗುಣ ನಮ್ಮ ತಾಲ್ಲೂಕಿನಲ್ಲಿತ್ತು, ಬಂಡೆಯ ಮೇಲೆ ಬರೆದಿಟ್ಟಿದೆ. ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು: ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಬೇಕು, ಸತ್ಯ ನುಡಿಯಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರು, ಚಪಡ. ಹೆಸರಿನ ಜೊತೆ ‘ಲಿಪಿಕಾರ’ ಅನ್ನುವ ತನ್ನ ಕಸುಬನ್ನು ಹೇಳುವಾಗ ಅವನು ಬ್ರಾಹ್ಮಿಯನ್ನು ಬಿಟ್ಟು ಖರೋಷ್ಠಿಗೆ ತಿರುಗುತ್ತಾನೆ. ಅದು ದೂರದ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓಡುವಂಥದ್ದು; ದಕ್ಷಿಣದಲ್ಲಿ ಅದರ ಬಳಕೆಯೇ ಇರಲಿಲ್ಲ. ಆಜ್ಞೆಗೆ ಆ ಐದು ಅಕ್ಷರ ಬೇಕಿರಲಿಲ್ಲ. ಓದಬಲ್ಲವರೂ ಇಲ್ಲಿ ಇದ್ದಿರಲಾರರು. ಆದರೂ ಬರೆದ, ಒಂದು ಕಡೆ ಅಲ್ಲ, ಮೂರೂ ಬಂಡೆಗಳ ಮೇಲೆ. ಅವನು ಬಲ್ಲ ಎರಡನೆಯ ಲಿಪಿಯ ಸಂತೋಷ ಎರಡು ಸಾವಿರದ ಇನ್ನೂರು ವರ್ಷ ದಾಟಿ ಬಿಸಿಲಲ್ಲಿ ಹಾಗೇ ಕೂತಿದೆ.

ನಮ್ಮ ಮನೆಯಲ್ಲಿ ಶೋಕಿಯ ಪಾಲು ಹೆಚ್ಚಾಗಿ ಬಂದದ್ದು ಅಜ್ಜಿಗೆ, ಮೊಳಕಾಲ್ಮುರು ರೇಷ್ಮೆಯ ರೂಪದಲ್ಲಿ. 2011ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬರುವುದಕ್ಕೆ ಬಹಳ ಮೊದಲೇ ಅಜ್ಜಿಯ ಬಳಿ ಅವಳದೇ ಗುರುತು ಇತ್ತು. ಸೀರೆ ತಂದವರು ಸೆರಗು ಹರವಿ ಮಾವು, ನವಿಲು, ಗಿಳಿ ತೋರಿಸುತ್ತಿದ್ದರು. ಅವಳು ಮಾತಾಡದೆ ಸೀರೆಯನ್ನು ಮಗುಚುತ್ತಿದ್ದಳು. ಒಡಲಿನ ಬಣ್ಣ ಮುಗಿದು ಅಂಚಿನ ಬಣ್ಣ ಶುರುವಾಗುವ ಜಾಗದಲ್ಲಿ, ಬೇರೆ ಬೇರೆ ಲಾಳಿಯಿಂದ ಬಂದ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿದಿರುವ ಆ ಸಣ್ಣ ಗೆರೆಯನ್ನು, ಹೆಬ್ಬೆರಳಿನ ಉಗುರಿನಿಂದ ಮೆಲ್ಲಗೆ ಕೆರೆದು, ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. ಗೆರೆ ಒಪ್ಪಿದರೆ ನಮ್ಮನ್ನೆಲ್ಲ ಹತ್ತಿರ ಕರೆಯುತ್ತಿದ್ದಳು.