ನಜರೇತಿನ ಬಡಗಿ, ಪವಿತ್ರ ಕುಟುಂಬದ ಪಾಲಕ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯವನ್ನು ಕಟ್ಟಿಸಿದವರ ನಾಮಾವಳಿ ಇರುವುದು ವಾಡಿಕೆ. ಧರ್ಮಾಧ್ಯಕ್ಷರು, ಗುರುಗಳು, ದಾನಿಗಳು ಇವರೆಲ್ಲರ ಸ್ಮರಣೆ ಉಚಿತವೇ ಸರಿ. ಆದರೆ ಕಟ್ಟಿಸಿದವರು ಬೇರೆ, ಕಟ್ಟಿದವರು ಬೇರೆ. ಕಲ್ಲನ್ನು ಕಡೆದವನ, ತೊಲೆಯನ್ನು ಏರಿಸಿದವನ, ಸುಣ್ಣವನ್ನು ಅರೆದವಳ ಹೆಸರು ಶಿಲಾಫಲಕದ ಮೇಲೆ ಕಾಣಸಿಗುವುದು ವಿರಳ. ಈ ಅನಾಮಧೇಯರ ಬಳಗಕ್ಕೆ ಹಿರಿಯರೊಬ್ಬರಿದ್ದಾರೆ. ಅವರೇ ಪ್ರಭು ಯೇಸುಸ್ವಾಮಿಯ ಸಾಕುತಂದೆ ಸಂತ ಜೋಸೆಫರು. ಈ ಶುಭ ಸಂದರ್ಭದಲ್ಲಿ ಅವರ ಜೀವನವನ್ನು ಸ್ಮರಿಸುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಸಂತ ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ದಾಖಲಾಗಿಲ್ಲ. ಅವರ ವೃತ್ತಿ ನಮಗೆ ತಿಳಿದುಬಂದದ್ದು ಸಹ ಮೂದಲಿಕೆಯ ಮೂಲಕ. ಯೇಸುವಿನ ಜ್ಞಾನವನ್ನು ಕಂಡು ಬೆರಗಾದ ಊರವರು ಅವರನ್ನು ಬಡಗಿಯ ಮಗನೆಂದು ಹಗುರಗೊಳಿಸಿದರೆಂದು ಸಂತ ಮತ್ತಾಯರು ಬರೆದಿದ್ದಾರೆ. ಅಲ್ಲಿ ಬಳಸಿರುವ ಗ್ರೀಕ್ ಪದ ‘ತೆಕ್ತೋನ್’. ಮರಗೆಲಸದವನು ಎಂಬುದರ ಜೊತೆಗೆ ಮನೆ ಕಟ್ಟುವವನು ಎಂಬ ಅರ್ಥವೂ ಅದಕ್ಕುಂಟು. ಅಂದಿನ ಗಲಿಲೇಯದ ಮನೆಗಳು ನಮ್ಮ ಮನಗೂಳಿ ಸೀಮೆಯ ಹಳೆಯ ಮಾಳಿಗೆಮನೆಗಳನ್ನು ಹೋಲುತ್ತಿದ್ದವು: ಕಲ್ಲಿನ ಗೋಡೆ, ಅದರ ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ಹೊದಿಕೆ. ಕಫೆರ್ನೌಮಿನಲ್ಲಿ ಪಾರ್ಶ್ವವಾಯು ಪೀಡಿತನನ್ನು ಮಾಳಿಗೆ ತೆರೆದು ಇಳಿಸಿದ ಪ್ರಸಂಗವನ್ನು ನಮ್ಮ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅಂತಹ ನಾಡಿನಲ್ಲಿ ‘ತೆಕ್ತೋನ್’ ಎಂದರೆ ನೇಗಿಲು, ಬಾಗಿಲು, ತೊಲೆ ಎಲ್ಲಕ್ಕೂ ಜನ ಕರೆಯುವ ಕಸುಬುದಾರ.

ಆ ಕಸುಬುದಾರನ ಸಂಸಾರವಾದರೂ ಎಂತಹುದು? ಜನಗಣತಿಗಾಗಿ ತುಂಬು ಗರ್ಭಿಣಿ ಮರಿಯಮ್ಮನವರೊಡನೆ ಬೆತ್ಲೆಹೇಮಿಗೆ ಪಯಣ. ಶಿಶುವನ್ನು ಮಹಾದೇವಾಲಯದಲ್ಲಿ ಸಮರ್ಪಿಸುವಾಗ ಅರ್ಪಿಸಿದ್ದು ಬಡವರಿಗೆ ವಿಧಿಸಿದ್ದ ಜೋಡಿ ಹಕ್ಕಿಗಳ ಕಾಣಿಕೆ. ಹೆರೋದನ ಕತ್ತಿಗೆ ಅಂಜಿ, ರಾತ್ರೋರಾತ್ರಿ ಮಡದಿ ಮಗುವಿನೊಡನೆ ಈಜಿಪ್ಟಿಗೆ ವಲಸೆ. ಮರಳಿ ಬಂದ ಮೇಲೂ ಜುದೇಯದಲ್ಲಿ ನಿಲ್ಲಲು ಭಯ. ಕೊನೆಗೆ ನಜರೇತಿನಲ್ಲಿ ನೆಲೆ. ಹನ್ನೆರಡು ವರ್ಷದ ಬಾಲಕನು ಜೆರುಸಲೇಮಿನಲ್ಲಿ ಕಾಣೆಯಾದಾಗ ಮೂರು ದಿನಗಳ ಹುಡುಕಾಟ. ಇದಿಷ್ಟೇ ನಮಗೆ ತಿಳಿದಿರುವ ಜೀವನಚರಿತ್ರೆ. ಇದರಲ್ಲಿ ಒಂದೆಡೆಯೂ ಅವರು ತಮಗಾಗಿ ಎದ್ದು ನಡೆದವರಲ್ಲ.

ನಜರೇತಿನಿಂದ ಸುಮಾರು ಆರು ಕಿಲೋಮೀಟರ್ ದೂರದ ಸೆಫೋರಿಸ್ ನಗರವನ್ನು ಹೆರೋದ ಅಂತಿಪನು ಆ ಕಾಲದಲ್ಲಿಯೇ ಪುನಃ ಕಟ್ಟಿಸುತ್ತಿದ್ದನು. ಜೋಸೆಫರು ಅಲ್ಲಿ ದುಡಿದಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಶುಭಸಂದೇಶ ಈ ಬಗ್ಗೆ ಮೌನವಾಗಿದೆ. ಆದರೆ ಯೇಸುವಿನ ಬೋಧನೆಯನ್ನು ಗಮನಿಸಿರಿ. ಬಂಡೆಯ ಮೇಲಿನ ಅಸ್ತಿವಾರ, ಮೂಲೆಗಲ್ಲು, ಗೋಪುರ ಕಟ್ಟುವ ಮುನ್ನ ಹಾಕುವ ಖರ್ಚಿನ ಲೆಕ್ಕ, ಕಣ್ಣಿನಲ್ಲಿಯ ತೊಲೆ: ಇವು ಕೆಲಸದ ಮನೆಯಲ್ಲಿ ಬೆಳೆದ ಮಗನ ಮಾತುಗಳು. ತಂದೆಯ ಮೌನ ಮಗನ ನುಡಿಯಲ್ಲಿ ಮಾತಾಗಿದೆ.

ಧರ್ಮಸಭೆಯೂ ಈ ಮೌನಿಯನ್ನು ಗುರುತಿಸಿದ್ದು ನಿಧಾನವಾಗಿ. 1870ರ ಡಿಸೆಂಬರ್ 8ರಂದು ಜಗದ್ಗುರು ಒಂಬತ್ತನೆಯ ಪಿಯುಸ್ ಅವರು ಸಂತ ಜೋಸೆಫರನ್ನು ವಿಶ್ವ ಧರ್ಮಸಭೆಯ ಪಾಲಕರೆಂದು ಘೋಷಿಸಿದರು. ಕಾರ್ಮಿಕರ ದಿನವಾದ ಮೇ 1ನ್ನು ಹನ್ನೆರಡನೆಯ ಪಿಯುಸ್ ಅವರು 1955ರಲ್ಲಿ ಶ್ರಮಿಕ ಸಂತ ಜೋಸೆಫರ ಹಬ್ಬವನ್ನಾಗಿ ಮಾಡಿದರು. 1962ರಲ್ಲಿ ಇಪ್ಪತ್ತಮೂರನೆಯ ಯೊವಾನ್ನರು ಬಲಿಪೂಜೆಯ ರೋಮನ್ ಪ್ರಾರ್ಥನೆಯಲ್ಲಿ ಅವರ ಹೆಸರನ್ನು ಸೇರಿಸಿದರು. ಉಳಿದ ಮೂರು ಮುಖ್ಯ ಪ್ರಾರ್ಥನೆಗಳಲ್ಲಿ ಆ ಹೆಸರು ಸೇರಿದ್ದು 2013ರಲ್ಲಿ. 2020ರ ಡಿಸೆಂಬರ್ 8ರಿಂದ ಒಂದು ವರ್ಷವನ್ನು ಪೋಪ್ ಫ್ರಾನ್ಸಿಸ್ ಅವರು ಸಂತ ಜೋಸೆಫರ ವರ್ಷವೆಂದು ಆಚರಣೆಗೆ ತಂದರು. ಬಡಗಿಯೊಬ್ಬನ ಹೆಸರು ಪೂಜಾಪೀಠವನ್ನು ತಲುಪಲು ಇಷ್ಟು ಶತಮಾನಗಳು ಬೇಕಾದವು!

ನಮ್ಮ ನಾಡಿನ ಚರಿತ್ರೆಯೂ ಇದೇ ಪಾಠವನ್ನು ಹೇಳುತ್ತದೆ. ವಿಜಯಪುರದ ಕೋಟೆಗೆ ಮನಗೂಳಿ ಅಗಸಿ ಎಂಬ ದ್ವಾರವಿದೆ. 1686ರಲ್ಲಿ ಔರಂಗಜೇಬನು ಅದರ ಮೂಲಕ ನಗರವನ್ನು ಹೊಕ್ಕನೆಂಬ ಪ್ರತೀತಿಯಿಂದ ಅದಕ್ಕೆ ಫತೇ ದರವಾಜೆ ಎಂಬ ಹೆಸರು ಬಂದಿತು. ಹೊಕ್ಕವನ ನೆನಪು ಉಳಿಯಿತು. ಅಗಸಿಯ ಕಲ್ಲುಗಳನ್ನು ಹೊತ್ತವರ ನೆನಪು ಅಳಿಯಿತು. 1656ರಲ್ಲಿ ಕಾಲವಾದ ಮಹಮ್ಮದ್ ಆದಿಲ್ ಶಾಹನ ಹೆಸರು ಗೋಲಗುಂಬಜದೊಡನೆ ಬಾಳುತ್ತಿದೆ. ಅಲ್ಲಿ ದುಡಿದ ಗೌಂಡಿಗಳ ಹೆಸರು ಯಾರಿಗೆ ಗೊತ್ತು? ಆದರೂ ಕಾಯಕದ ಹಿರಿಮೆಯನ್ನು ಸಾರಿದ ಬಸವಣ್ಣನವರು ಜನಿಸಿದ ಬಾಗೇವಾಡಿ ನಮ್ಮ ನೆರೆಯಲ್ಲಿಯೇ ಇದೆ. ದುಡಿಮೆಯನ್ನು ಪೂಜ್ಯವೆಂದು ಬಗೆಯುವುದನ್ನು ಈ ನೆಲಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಸೀಮೆಯ ಗಂಡಸರು ಕಟ್ಟಡದ ಕೆಲಸ ಅರಸಿ ಗೋವೆಗೆ, ಪುಣೆಗೆ, ಬೆಂಗಳೂರಿಗೆ ಹೋಗುತ್ತಾರೆ. ಪರರ ಮಹಡಿಗಳನ್ನು ಕಟ್ಟುವವನ ಸ್ವಂತ ಮನೆಯಲ್ಲಿ ಮಗು ತಂದೆಯ ಮುಖವನ್ನು ಹಬ್ಬಕ್ಕೊಮ್ಮೆ ಕಾಣುತ್ತದೆ. ಅಂತಹ ತಂದೆಗೆ ನಾವು ಹೇಳುವುದಿಷ್ಟೆ: ಸಂತ ಜೋಸೆಫರೂ ವಲಸೆ ಹೋದವರು, ಪರದೇಶದಲ್ಲಿ ಕೂಲಿಯ ಚಿಂತೆಯನ್ನು ಬಲ್ಲವರು. ಆದರೆ ಅವರ ಮನಸ್ಸು ಮಡದಿ ಮಗುವನ್ನು ಬಿಟ್ಟು ಕದಲಲಿಲ್ಲ. ದುಡಿದ ಹಣ ಸೆರೆಯಂಗಡಿಯನ್ನಲ್ಲ, ಮನೆಯನ್ನು ಸೇರಲಿ.

ಧರ್ಮಕೇಂದ್ರದ ಭಕ್ತಾದಿಗಳಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಅಜ್ಜ ಅಜ್ಜಿಯರು ಈ ದೇವಾಲಯಕ್ಕಾಗಿ ಕಲ್ಲು ಹೊತ್ತಿದ್ದರೆ, ಕರಣೆ ಹಿಡಿದಿದ್ದರೆ, ಅವರ ಹೆಸರುಗಳನ್ನು ನೆನಪಿರುವಾಗಲೇ ಬರೆದು ಗುರುಗಳ ಕೈಗೆ ಒಪ್ಪಿಸಿರಿ. ಮುಂದಿನ ಮೇ 1ರ ಬಲಿಪೂಜೆಯಲ್ಲಿ ಆ ಹೆಸರುಗಳನ್ನು ಒಂದೊಂದಾಗಿ ಓದಿ ಪ್ರಾರ್ಥಿಸೋಣ. ಕಟ್ಟುವವರ ಹಿರಿಯರಾದ ಸಂತ ಜೋಸೆಫರು ನಮ್ಮ ಕುಟುಂಬಗಳನ್ನು ಕಾಯಲಿ.